ದುರ್ಬೀನು ಕಳಚಿಟ್ಟ ಕೋವಿ

ನಮ್ಮ ಸರಗೂರಿನ ಸೀಮೆಯಲ್ಲಿ ಬೇಟೆಯ ಮಾತು ಬಂದರೆ ಮೊದಲು ನೆನಪಾಗುವವರು ಮಹಾರಾಜರು. ಕಾರಾಪುರದಲ್ಲಿ ಅವರ ಬೇಟೆಯ ಬಂಗಲೆಯಿತ್ತು; ಪ್ರವಾಸಿಗರು ಇಳಿದುಕೊಳ್ಳುವ ಕಬಿನಿ ರಿವರ್ ಲಾಡ್ಜ್ ಈಗ ಇರುವುದು ಅಲ್ಲೇ. ಕಾಕನಕೋಟೆಯ ಖೆಡ್ಡಾ ನೋಡಲು ದೇಶವಿದೇಶದ ಅತಿಥಿಗಳು ಬರುತ್ತಿದ್ದರು. ಬೇಟೆಯಾದ ಹುಲಿ ಚಿರತೆಗಳನ್ನು ಜೀವಂತವೆನ್ನಿಸುವಂತೆ ಹದಮಾಡಿಕೊಡುವ ವ್ಯಾನ್ ಇಂಗೆನ್ ಕಾರ್ಖಾನೆ ಮೈಸೂರಿನಲ್ಲಿತ್ತು. ಹಳೆಯ ಫೋಟೋಗಳಲ್ಲಿ ಸತ್ತ ಹುಲಿ, ಕೋವಿ ಹಿಡಿದು ನಿಂತ ದೊರೆ, ಪಕ್ಕದಲ್ಲಿ ಸಾಹೇಬರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ನಾನೂ ಈ ಚಿತ್ರಗಳನ್ನು ಬಹಳ ಸಲ ಮಕ್ಕಳಿಗೆ ತೋರಿಸಿದ್ದೇನೆ.

ಆ ಕಾಲವನ್ನು ಇನ್ನೊಂದು ಕಡೆಯಿಂದ ನೋಡುವಂತೆ ಮಾಡಿದ್ದು ಕೋವಿಯ ಒಂದು ಸಣ್ಣ ಸಲಕರಣೆ. ಕೋವಿಗೂ ಹೆಂಗಸರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೊಡಗಿನಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆ. ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬಕ್ಕೆ ವಿರಾಜಪೇಟೆಯ ಗೆಳತಿಯೊಬ್ಬಳು ಕರೆದಿದ್ದಳು. ದೇವರ ಮುಂದೆ ಕೋವಿಗಳನ್ನಿಟ್ಟು, ಅವುಗಳ ಮೂತಿಗೆ ತೋಕ್ ಪೂ ಸಿಕ್ಕಿಸಿದ್ದರು. ಒಂದು ರೈಫಲ್ಲಿನ ಮೇಲೆ ಗೇಣುದ್ದದ ದುರ್ಬೀನು. ಪೂಜೆಗೆ ಮೊದಲು ಗೆಳತಿಯ ಮಾವ, ಮಿಲಿಟರಿಯಿಂದ ನಿವೃತ್ತರಾದವರು, ಎರಡು ಸಣ್ಣ ಸನ್ನೆಗಳನ್ನು ತಿರುಗಿಸಿದರು. ಕುಕ್ಕರಿನ ಮುಚ್ಚಳ ತೆಗೆದಷ್ಟು ಸಲೀಸಾಗಿ ದುರ್ಬೀನು ಕೈಗೆ ಬಂತು.

“ಇಷ್ಟು ಬೇಗ ಕಳಚುವಂತೆ ಯಾಕೆ ಮಾಡಿದ್ದಾರೆ? ಭದ್ರವಾಗಿ ಕೂರಿಸಬಾರದೇ?” ಎಂದು ಕೇಳಿದೆ. ಅವರು ಖುಷಿಯಿಂದ ವಿವರಿಸಿದರು.

ದುರ್ಬೀನನ್ನು ಎರಡು ಉಕ್ಕಿನ ಬಳೆಗಳು ಅಪ್ಪಿ ಹಿಡಿಯುತ್ತವೆ. ಬಳೆಗಳ ಕಾಲುಗಳು ಕೋವಿಯ ಮೇಲಿನ ಗಾಡಿಯಲ್ಲಿ ಕೂರುತ್ತವೆ. ಜರ್ಮನಿ, ಆಸ್ಟ್ರಿಯಗಳ ಕುಶಲಕರ್ಮಿಗಳು 20ನೇ ಶತಮಾನದ ಆರಂಭದಲ್ಲೇ ಈ ಕಾಲುಗಳಿಗೆ ಪಂಜದಂಥ ಕೊಕ್ಕೆ ಮಾಡಿ, ಒತ್ತಿದರೆ ಕಚ್ಚುವಂತೆ, ಸ್ಪ್ರಿಂಗು ಸರಿಸಿದರೆ ಬಿಡುವಂತೆ ರೂಪಿಸಿದ್ದರು. ಈಚಿನವುಗಳಲ್ಲಿ ಕೊಕ್ಕೆಯ ಬದಲು ಸನ್ನೆ ಇರುತ್ತದೆ. ಕಳಚುವುದಕ್ಕೆ ಕಾರಣ ಮೂರು. ಹಳೆಯ ದುರ್ಬೀನುಗಳ ಗಾಜಿನೊಳಗೆ ಮಳೆ ಮಂಜಿಗೆ ಹಬೆ ಕಟ್ಟುತ್ತಿತ್ತು. ಪ್ರಯಾಣದಲ್ಲಿ ಪೆಟ್ಟು ಬಿದ್ದರೆ ಅದು ಕೆಡುತ್ತಿತ್ತು. ಮೂರನೆಯದೇ ಮುಖ್ಯ: ದುರ್ಬೀನಿನಲ್ಲಿ ದೂರದ್ದು ಹತ್ತಿರ ಕಾಣುತ್ತದೆ, ಹತ್ತಿರದ್ದು ಕಾಣುವುದೇ ಇಲ್ಲ. ಗಾಯಗೊಂಡ ಹುಲಿ ಹತ್ತು ಹೆಜ್ಜೆಯಿಂದ ಹಾರಿದರೆ ಗಾಜಿನ ತುಂಬ ಬರೀ ಹಳದಿ ಕೂದಲು. ಎಲ್ಲಿಗೆ ಗುರಿ ಇಡುವುದು? ಆಗ ದುರ್ಬೀನು ತೆಗೆದು, ಕೋವಿಯ ತುದಿಯ ಮಣಿಯನ್ನೂ ಹಿಂದಿನ ಕಚ್ಚನ್ನೂ ಬರಿಗಣ್ಣಿನಿಂದ ಸೇರಿಸಿ ನೋಡಬೇಕು.

“ತೆಗೆಯುವುದು ಸುಲಭ, ಮತ್ತೆ ಅದೇ ಜಾಗಕ್ಕೆ ಕೂರಿಸುವುದೇ ಕಷ್ಟ,” ಎಂದರು ಅವರು. ಶಾಲೆಗೆ ಬಂದು ನಮ್ಮ ಗಣಿತದ ಮೇಷ್ಟರನ್ನು ಕೇಳಿದೆ. ಬಳೆಗಳ ನಡುವೆ 12 ಸೆಂಟಿಮೀಟರ್ ಅಂತರವಿದ್ದು ಒಂದು ಬಳೆ 0.1 ಮಿಲಿಮೀಟರ್, ಅಂದರೆ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪದಷ್ಟು ಸರಿದರೆ, 100 ಮೀಟರ್ ದೂರದಲ್ಲಿ ಗುರಿ 8 ಸೆಂಟಿಮೀಟರಿಗೂ ಹೆಚ್ಚು ತಪ್ಪುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರು. ನಾಲ್ಕು ಬೆರಳಗಲ. ಗುಂಡೆಗೆಗೆ ಬೀಳಬೇಕಾದ ಗುಂಡು ಹೊಟ್ಟೆಗೋ ಭುಜಕ್ಕೋ ಬೀಳಲು ಅಷ್ಟು ಸಾಕು. ಪ್ರಾಣಿ ಸಾಯುವುದಿಲ್ಲ, ಪೊದೆ ಸೇರುತ್ತದೆ.

ಪೊದೆ ಸೇರಿದ ಪ್ರಾಣಿಯ ಹಿಂದೆ ಹೋಗಬೇಕಾದವರು ಯಾರು? ನನ್ನ ಮನಸ್ಸು ನಿಂತದ್ದು ಇಲ್ಲಿ.

ನಮ್ಮ ಕಾಡುಗಳು ಬಯಲಿನಂತಲ್ಲ. ಬಿದಿರು, ಲಂಟಾನದ ನಡುವೆ ಕೆಲವೇ ಗಜ ದೂರ ಕಂಡರೆ ಹೆಚ್ಚು. ಬೆಂಗಳೂರಿನ ಕೆನೆತ್ ಆಂಡರ್ಸನ್ .405 ವಿಂಚೆಸ್ಟರ್ ಕೋವಿ ಹಿಡಿದು ನರಭಕ್ಷಕಗಳ ಹಿಂದೆ ಅಲೆದದ್ದನ್ನು ತೇಜಸ್ವಿಯವರ ಕನ್ನಡದಲ್ಲಿ ನಾವೆಲ್ಲ ಓದಿದ್ದೇವೆ. ಇಂಥ ಕಾಡಿನಲ್ಲಿ ದೊರೆ ಮಚಾನಿನ ಮೇಲೋ ಆನೆಯ ಮೇಲೋ ಕೂತರೆ, ತಮಟೆ ಬಡಿದು ಮೃಗವನ್ನು ಅವನೆದುರಿಗೆ ಅಟ್ಟುವವರು ನೆಲದ ಮೇಲಿದ್ದರು. ರಕ್ತದ ಹನಿ, ಮುರಿದ ಕಡ್ಡಿ, ಮಗುಚಿದ ಎಲೆ ನೋಡುತ್ತ ಜಾಡು ಹಿಡಿದು ಮುಂದೆ ನಡೆಯುವವರು ಕಾಡಿನ ಕುರುಬರು. ಮೈಸೂರಿನಲ್ಲಿ ಖೆಡ್ಡಾ ಆರಂಭಿಸಿದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಕಾಡುಜನರ ಈ ಕೌಶಲವನ್ನು ಮೆಚ್ಚಿ ಬರೆದಿದ್ದಾನೆ. ಆದರೆ ಹುಲಿಯೊಂದಿಗಿನ ಫೋಟೋಕ್ಕೆ ನಿಂತವರು ಬೇರೆ. ಗುರಿ ತಪ್ಪಿದ ಆ ನಾಲ್ಕು ಬೆರಳಗಲದ ಲೆಕ್ಕ ತೀರಿಸಿದವರ ಹೆಸರು ಯಾವ ಪಾಠದಲ್ಲೂ ಇಲ್ಲ.

1970ರಲ್ಲಿ ಹುಲಿ ಬೇಟೆಗೆ ನಿಷೇಧ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ. 1973ರಲ್ಲಿ ಬಂಡೀಪುರಕ್ಕೆ ಹುಲಿ ಯೋಜನೆ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಕಬಿನಿ ಅಣೆಕಟ್ಟೆಯ ನೀರು ಆ ನೆಲವನ್ನು ತುಂಬಿತು. ಕೋವಿ ಕೆಳಗಿಟ್ಟದ್ದು ಒಳ್ಳೆಯದೇ. ಆದರೆ ನೀರಿಗೂ ಹುಲಿಗೂ ಜಾಗ ಬಿಟ್ಟು ಹಾಡಿಗಳಿಂದ ಎದ್ದು ಬಂದವರು ಅದೇ ಕುರುಬರು. ಅವರ ಮೊಮ್ಮಕ್ಕಳು ಇಂದು ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿದ್ದಾರೆ. ಬೇಟೆಯ ಫೋಟೋ ತೋರಿಸಿದ ದಿನ ಹುಡುಗಿಯೊಬ್ಬಳು, “ನಮ್ಮ ತಾತನೂ ಹುಲಿ ಅಟ್ಟುತ್ತಿದ್ದನಂತೆ, ಟೀಚರ್. ಅವನು ಇದರಲ್ಲಿ ಎಲ್ಲಿದ್ದಾನೆ?” ಎಂದಳು. ಅಂದಿನಿಂದ ಆ ಪಾಠವನ್ನು ಅವಳ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಮಕ್ಕಳು ಮನೆಯ ಹಿರಿಯರನ್ನು ಕೇಳಿಕೊಂಡು ಬಂದು ಬರೆಯುತ್ತಾರೆ.

ಇದು ಮುಗಿದ ಕಥೆಯೂ ಅಲ್ಲ. ಈಗ ನಮ್ಮ ಕಡೆ ಗುಂಡಿನ ಬದಲು ಅರಿವಳಿಕೆಯ ಸೂಜಿ ಹಾರಿಸುತ್ತಾರೆ. ಆ ಸೂಜಿ ದೂರ ಹೋಗದು. ಹಾರಿಸುವವರು ಪ್ರಾಣಿಯ ಹತ್ತಿರವೇ ಹೋಗಬೇಕು. 2023ರ ಆಗಸ್ಟ್ 31ರಂದು ಹಾಸನ ಜಿಲ್ಲೆಯ ಆಲೂರಿನ ಬಳಿ, ಗಾಯಗೊಂಡಿದ್ದ ಕಾಡಾನೆಯ ಚಿಕಿತ್ಸೆಗೆಂದು ಸೂಜಿ ಹಾರಿಸಲು ಹೋದ ‘ಆನೆ ವೆಂಕಟೇಶ್’ ಅದೇ ಆನೆಗೆ ಬಲಿಯಾದರು. 2025ರ ಅಕ್ಟೋಬರ್, ನವೆಂಬರಿನಲ್ಲಿ ನಮ್ಮ ಸರಗೂರು ತಾಲ್ಲೂಕಿನ ಕಾಡಂಚಿನ ಹೊಲಗಳಲ್ಲಿ ಹುಲಿಯ ಬಾಯಿಗೆ ರೈತರು ಸಿಕ್ಕಿದರು. ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿದರು. ಸಫಾರಿ ಜೀಪಿನಿಂದ ಉದ್ದನೆಯ ಲೆನ್ಸಿನಲ್ಲಿ ನೋಡುವವರಿಗೆ ಹುಲಿ ಬಹಳ ಚಂದ. ಹತ್ತಿ ಬಿಡಿಸಲು ಬಗ್ಗಿದ ಹೆಂಗಸಿಗೆ ಅದು ಹತ್ತು ಹೆಜ್ಜೆಯ ಹುಲಿ. ಇಬ್ಬರೂ ಹೇಳುವುದು ನಿಜವೇ. ಆದರೆ ಕಾಡು ಉಳಿಸುವ ಸಭೆಗಳಲ್ಲಿ ಮೊದಲನೆಯವರ ಮಾತು ಹೆಚ್ಚು ಕೇಳುತ್ತದೆ.

ದುರ್ಬೀನು ಮಾಡಿದವನು ಜಾಣ, ದೂರದ್ದನ್ನು ಕಾಣಿಸಿದ. ಅದನ್ನು ಥಟ್ಟನೆ ಕಳಚುವ ಬಳೆ ಮಾಡಿದವನಿಗೆ ಬದುಕು ಗೊತ್ತಿತ್ತು. ಹತ್ತಿರದ್ದನ್ನು ಬರಿಗಣ್ಣಿನಿಂದಲೇ ನೋಡಬೇಕಾಗುತ್ತದೆ ಎಂದು ಅವನು ಬಲ್ಲ. ಇತಿಹಾಸ ಕಲಿಸುವ ನನ್ನಂಥವರಿಗೂ, ಕಾಡಿನ ಬಗ್ಗೆ ತೀರ್ಮಾನ ಮಾಡುವ ದೊಡ್ಡವರಿಗೂ ಆ ಬಳೆ ಬೇಕು.