ಹಿಟಾಚಿ ಯಂತ್ರದ ನಿತ್ಯ ತಪಾಸಣೆ: ಕೀಲಿ ತಿರುಗಿಸುವ ಮುನ್ನ ನೋಡಬೇಕಾದದ್ದು

ಮನೆಯ ತಳಪಾಯ ತೋಡುವುದರಿಂದ ಹಿಡಿದು ಹೆದ್ದಾರಿಯ ಮೇಲೆ ಕುಸಿದ ಗುಡ್ಡದ ಮಣ್ಣು ತೆರವುಗೊಳಿಸುವವರೆಗೆ, ಅಗೆತದ ಕೆಲಸವೆಲ್ಲ ಇಂದು ಎಕ್ಸ್‌ಕವೇಟರ್ ಯಂತ್ರದ ಪಾಲಾಗಿದೆ. ಟಯರುಗಳ ಮೇಲೆ ಓಡುವ, ಹಿಂಬದಿಯಲ್ಲಿ ಅಗೆಯುವ ತೋಳುಳ್ಳ ಯಂತ್ರವನ್ನು ಜನ ‘ಜೆಸಿಬಿ’ ಎನ್ನುತ್ತಾರೆ. ಉಕ್ಕಿನ ಚೈನಿನ ಮೇಲೆ ತೆವಳುತ್ತ ಸುತ್ತಲೂ ತಿರುಗಬಲ್ಲ ಯಂತ್ರ ಯಾವ ಕಂಪನಿಯದ್ದೇ ಆಗಿರಲಿ, ನಮ್ಮಲ್ಲಿ ಅದು ‘ಹಿಟಾಚಿ’. ಟಾಟಾ ಸಮೂಹದ ಟೆಲ್ಕೊ 1984ರಲ್ಲಿ ಜಪಾನಿನ ಹಿಟಾಚಿಯೊಡನೆ ತಾಂತ್ರಿಕ ಒಪ್ಪಂದ ಮಾಡಿಕೊಂಡ ಮೇಲೆ ರೂಢಿಗೆ ಬಂದ ಹೆಸರಿದು. ಇಂದಿನ ಟಾಟಾ ಹಿಟಾಚಿಯ ಕಾರ್ಖಾನೆಯೊಂದು ಧಾರವಾಡದಲ್ಲಿದೆ. ಕೆಜಿಎಫ್‌ನಲ್ಲಿರುವ ಸಾರ್ವಜನಿಕ ವಲಯದ ಬಿಇಎಂಎಲ್ ಘಟಕದಲ್ಲೂ ಎಕ್ಸ್‌ಕವೇಟರ್‌ಗಳು ತಯಾರಾಗುತ್ತವೆ.

ಈ ಯಂತ್ರದ ಬಲವೆಲ್ಲ ಎಣ್ಣೆಯ ಒತ್ತಡದಲ್ಲಿದೆ. 20 ಟನ್ ವರ್ಗದ ಯಂತ್ರದಲ್ಲಿ ಹೈಡ್ರಾಲಿಕ್ ಒತ್ತಡ ಸುಮಾರು 350 ಬಾರ್‌ನಷ್ಟಿರುತ್ತದೆ. ಕಾರಿನ ಟಯರಿನಲ್ಲಿರುವುದು ಎರಡು ಬಾರ್‌ಗಿಂತ ಕೊಂಚ ಹೆಚ್ಚು ಎಂಬುದನ್ನು ನೆನೆದರೆ ಇದರ ತೀವ್ರತೆ ತಿಳಿದೀತು. ಆದಕಾರಣ ಬೆಳಗಿನ ಹದಿನೈದು ನಿಮಿಷದ ತಪಾಸಣೆಯನ್ನು ಯಂತ್ರದ ಆಯುಷ್ಯಕ್ಕೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸಲಾಗದು. ಆಪರೇಟರ್ ಹಾಗೂ ಹೆಲ್ಪರ್‌ನ ಜೀವವೂ ಅದರಲ್ಲಿ ಅಡಗಿದೆ.

ಇಂಜಿನ್ ಆರಿರುವಾಗಲೇ

ತಪಾಸಣೆಗೆ ಮೊದಲು ಯಂತ್ರ ಸಮತಟ್ಟಾದ ನೆಲದಲ್ಲಿ, ಬಕೆಟ್ ನೆಲಕ್ಕೂರಿ, ಇಂಜಿನ್ ಆರಿ ನಿಂತಿರಬೇಕು. ಇಂಜಿನ್ ಆಯಿಲನ್ನು ಡಿಪ್‌ಸ್ಟಿಕ್‌ನಿಂದ, ಕೂಲಂಟನ್ನು ಪಕ್ಕದ ಡಬ್ಬಿಯ ಗುರುತಿನಿಂದ ನೋಡಿಕೊಳ್ಳುವುದು ಎಲ್ಲರಿಗೂ ತಿಳಿದದ್ದೇ. ರೇಡಿಯೇಟರ್ ಬಿಸಿಯಿರುವಾಗ ಮುಚ್ಚಳ ತೆರೆದು ಮುಖ ಸುಟ್ಟುಕೊಳ್ಳುವ ಅಪಾಯವನ್ನೂ ಹೊಸದಾಗಿ ಹೇಳಬೇಕಿಲ್ಲ. ಆದರೆ ಹೈಡ್ರಾಲಿಕ್ ಆಯಿಲ್ ಮಟ್ಟ ನೋಡುವಲ್ಲಿ ಅನೇಕರು ಎಡವುತ್ತಾರೆ. ಸಿಲಿಂಡರುಗಳು ಚಾಚಿದಾಗ ಟ್ಯಾಂಕಿನ ಎಣ್ಣೆ ಇಳಿಯುತ್ತದೆ, ಮಡಚಿದಾಗ ಏರುತ್ತದೆ. ಕಂಪನಿಯ ಕೈಪಿಡಿ ಸೂಚಿಸಿದ ಭಂಗಿಯಲ್ಲಿ ಬೂಮ್, ಆರ್ಮ್, ಬಕೆಟ್‌ಗಳನ್ನು ನಿಲ್ಲಿಸದೆ ಗಾಜಿನ ಕೊಳವೆ ನೋಡಿದರೆ ಸರಿಯಿರುವ ಎಣ್ಣೆಯೂ ಕಡಿಮೆಯಾದಂತೆ ಕಾಣುತ್ತದೆ. ಮೇಲಿಂದ ಮೇಲೆ ಸುರಿದ ಎಣ್ಣೆ ಕೆಲಸದ ನಡುವೆ ಉಕ್ಕಿ ಹೊರಬೀಳುತ್ತದೆ.

ಡೀಸೆಲ್ ಮಾರ್ಗದಲ್ಲಿರುವ ನೀರು ಬೇರ್ಪಡಿಸುವ ಬಟ್ಟಲನ್ನು ನಿತ್ಯ ಖಾಲಿ ಮಾಡಬೇಕು. ಸಂಜೆಯೇ ಟ್ಯಾಂಕ್ ತುಂಬಿಸಿಡುವುದು ಹಳೆಯ ಆಪರೇಟರುಗಳ ಪದ್ಧತಿ. ಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣ್ಣಗಾದಾಗ ಅದರ ತೇವ ನೀರಾಗಿ ಡೀಸೆಲ್ ಸೇರುತ್ತದೆ. ಇಂದಿನ ಸೂಕ್ಷ್ಮ ಇಂಜೆಕ್ಟರುಗಳಿಗೆ ಆ ನೀರೇ ಶತ್ರು.

ಬಳಿಕ ಯಂತ್ರವನ್ನು ಒಂದು ಸುತ್ತು ಬರುವುದು. ಬಕೆಟ್ ಹಲ್ಲು ಸವೆದಿದೆಯೇ, ಅದರ ಲಾಕ್ ಪಿನ್ ಸ್ಥಾನದಲ್ಲಿದೆಯೇ, ಬೂಮ್ ಬೆಸುಗೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟಿದೆಯೇ, ಟ್ರ್ಯಾಕ್ ಶೂ ಬೋಲ್ಟ್ ಸಡಿಲಗೊಂಡಿದೆಯೇ, ರೋಲರ್‌ನಿಂದ ಎಣ್ಣೆ ಸೋರಿದ ಗುರುತಿದೆಯೇ? ಹೊಸ ಯಂತ್ರಗಳ ಪರದೆ ಎಣ್ಣೆಯ ಒತ್ತಡ, ಶಾಖ, ಸರ್ವಿಸ್ ದಿನ ಎಲ್ಲವನ್ನೂ ತೋರಿಸುತ್ತದೆ, ನಿಜ. ಆದರೆ ಬಿರುಕನ್ನಾಗಲಿ, ಬೀಳಲಿರುವ ಪಿನ್ನನ್ನಾಗಲಿ ಅದು ಕಾಣದು. ಅದಕ್ಕೆ ಮನುಷ್ಯನ ಕಣ್ಣೇ ಬೇಕು.

ಬರಿಗೈ ಇಡಬಾರದ ಜಾಗಗಳು

ಹೋಸ್ ಪೈಪಿನ ಸೋರಿಕೆಯನ್ನು ಕೈಯಿಂದ ಸವರಿ ಹುಡುಕುವ ಅಭ್ಯಾಸ ಅತ್ಯಂತ ಅಪಾಯಕಾರಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಕಣ್ಣಿಗೆ ಕಾಣದೆಯೂ ಚರ್ಮವನ್ನು ಭೇದಿಸಿ ಒಳಹೊಗಬಲ್ಲದು. ಗಾಯ ಸೊಳ್ಳೆ ಕಚ್ಚಿದಷ್ಟೇ ಕಾಣುವುದರಿಂದ ಮುಲಾಮು ಹಚ್ಚಿ ಸುಮ್ಮನಾಗುವವರುಂಟು. ಆದರೆ ಒಳಗೆ ಮಾಂಸಖಂಡ ಕೊಳೆಯತೊಡಗಿ ಬೆರಳನ್ನೇ ತೆಗೆಯಬೇಕಾದ ಸ್ಥಿತಿ ಬರಬಹುದು. ಇಂತಹ ಗಾಯವಾದವರನ್ನು ನೋವಿಲ್ಲದಿದ್ದರೂ ತಡಮಾಡದೆ ಶಸ್ತ್ರಚಿಕಿತ್ಸಾ ಸೌಲಭ್ಯವುಳ್ಳ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಸೋರಿಕೆ ಹುಡುಕಲು ರಟ್ಟಿನ ತುಂಡು ಸಾಕು.

ಚೈನ್ ಬಿಗಿ ಮಾಡುವಲ್ಲಿಯೂ ಇದೇ ಎಚ್ಚರ ಬೇಕು. ಚೈನಿನ ಬಿಗಿಯನ್ನು ಕಾಯ್ದಿರುವುದು ಒಂದು ಸಿಲಿಂಡರಿನೊಳಗಿನ ಗ್ರೀಸ್. ಗನ್ನಿನಿಂದ ಗ್ರೀಸ್ ತುಂಬಿದರೆ ಚೈನ್ ಬಿಗಿಯುತ್ತದೆ, ವಾಲ್ವ್ ಸಡಿಲಿಸಿದರೆ ಸಡಿಲವಾಗುತ್ತದೆ. ವಾಲ್ವನ್ನು ಒಮ್ಮೆಗೇ ಬಿಚ್ಚಿದರೆ ಅದು ಗುಂಡಿನಂತೆ ಹಾರಿ ಬರಬಲ್ಲದು. ನಿಧಾನವಾಗಿ, ಒಂದು ಸುತ್ತಿಗೂ ಮೀರದಂತೆ, ಮುಖ ಪಕ್ಕಕ್ಕಿಟ್ಟು ತಿರುಗಿಸಬೇಕು.

ಗಂಟೆಗಳ ಲೆಕ್ಕ

ಕಾರಿಗೆ ಕಿಲೋಮೀಟರ್ ಇರುವಂತೆ ಎಕ್ಸ್‌ಕವೇಟರ್‌ಗೆ ಅವರ್ ಮೀಟರ್. ಬಕೆಟ್ ಭಾಗದ ಪಿನ್‌ಗಳಿಗೆ ಸಾಮಾನ್ಯವಾಗಿ ದಿನವೂ ಗ್ರೀಸ್ ಹೊಡೆಯಬೇಕು, ನೀರಿನಲ್ಲಿ ಅಗೆದ ದಿನವಂತೂ ತಪ್ಪಿಸುವಂತಿಲ್ಲ. ಇಂಜಿನ್ ಆಯಿಲ್ ಹಾಗೂ ಫಿಲ್ಟರ್ ಬದಲಾವಣೆ ಮಾದರಿಗೆ ಅನುಗುಣವಾಗಿ 250 ಅಥವಾ 500 ಗಂಟೆಗೊಮ್ಮೆ. ಹೈಡ್ರಾಲಿಕ್ ಆಯಿಲ್ ಅದರ ದರ್ಜೆಯನ್ನು ಅವಲಂಬಿಸಿ 2000ದಿಂದ 5000 ಗಂಟೆಯವರೆಗೆ ಬಾಳುತ್ತದೆ. ಆದರೆ ಅದರ ಫಿಲ್ಟರನ್ನು ಅದಕ್ಕಿಂತ ಮೊದಲೇ ಬದಲಿಸಬೇಕು.

ಏರ್ ಫಿಲ್ಟರ್ ವಿಚಾರದಲ್ಲಿ ಅತಿ ಕಾಳಜಿಯೂ ಕೇಡು ತರುತ್ತದೆ. ದಿನವೂ ಬಿಚ್ಚಿ ಕೊಡವಿದರೆ ಕಾಗದ ಹರಿದು ಧೂಳು ನೇರ ಇಂಜಿನ್ ಸೇರುತ್ತದೆ. ಸೂಚಕ ಎಚ್ಚರಿಸಿದಾಗ ಹೊರಗಿನ ಫಿಲ್ಟರನ್ನು ಕಡಿಮೆ ಒತ್ತಡದ ಗಾಳಿಯಿಂದ, ಒಳಗಿನಿಂದ ಹೊರಕ್ಕೆ ಊದಬೇಕು. ಒಳಗಿನದನ್ನು ಊದುವಂತಿಲ್ಲ, ಬದಲಿಸುವುದೊಂದೇ ದಾರಿ.

ಕೈಪಿಡಿಯ ಅವಧಿಗಳು ಸಾಧಾರಣ ಕೆಲಸಕ್ಕೆ ಹೇಳಿದವು. ಸಂಡೂರು, ಬಳ್ಳಾರಿಯ ಕಬ್ಬಿಣದ ಅದಿರಿನ ಧೂಳಿನಲ್ಲಿ ಅವನ್ನು ಕಡಿತಗೊಳಿಸಬೇಕಾಗುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಚೈನಿಗೆ ಮೆತ್ತಿಕೊಂಡು ಒಣಗಿದರೆ ಕಲ್ಲಿನಂತಾಗಿ ರೋಲರುಗಳು ತಿರುಗದೆ ಉಜ್ಜಿ ಸವೆಯುತ್ತವೆ. ಸಂಜೆ ಹಸಿಯಿರುವಾಗಲೇ ಅದನ್ನು ಕೆರೆದು ತೆಗೆಯುವುದು ಸುಲಭ. 2018ರಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣು ತೆಗೆಯಲು ಧಾವಿಸಿದ್ದು ಈ ಯಂತ್ರಗಳೇ. ಅಂತಹ ಮಳೆಯಲ್ಲಿ, ಮತ್ತೆ ಕುಸಿಯಬಹುದಾದ ಇಳಿಜಾರಿನ ಕೆಳಗೆ ಹೋಸ್ ಪೈಪೊಂದು ಒಡೆದರೆ ಯಂತ್ರವೂ ಆಪರೇಟರೂ ಅಲ್ಲಿಯೇ ಸಿಲುಕುತ್ತಾರೆ.

ತಪಾಸಣೆ ತಪ್ಪುವುದು ಅಜ್ಞಾನದಿಂದ ಎಂದು ದೂರುವುದು ಪೂರ್ಣ ಸತ್ಯವಲ್ಲ. ಬಾಡಿಗೆ ಗಂಟೆಯ ಲೆಕ್ಕ, ಸಾಲದ ಕಂತು ತಿಂಗಳ ಲೆಕ್ಕ. ಹೀಗಿರುವಾಗ ಗ್ರೀಸ್ ಹೊಡೆಯುವ ಹೊತ್ತನ್ನು ಯಾರೂ ಬಾಡಿಗೆಗೆ ಸೇರಿಸುವುದಿಲ್ಲ. ಕೆಲವು ರೂಪಾಯಿಯ ಗ್ರೀಸ್ ಉಳಿಸಿದವರು ಕಡೆಗೆ ಪಿನ್, ಬುಷ್ ಬದಲಿಸಿ, ಸವೆದ ರಂಧ್ರಕ್ಕೆ ಬೆಸುಗೆ ತುಂಬಿ ಬೋರಿಂಗ್ ಮಾಡಿಸಲು ಅದರ ನೂರಾರು ಪಟ್ಟು ತೆರುತ್ತಾರೆ.

ದಿನದ ಕೊನೆಯಲ್ಲಿ ಟರ್ಬೊ ತಣಿಯಲೆಂದು ಇಂಜಿನ್ನನ್ನು ಐದು ನಿಮಿಷ ನಿಧಾನಗತಿಯಲ್ಲಿ ಓಡಿಸಿ ನಿಲ್ಲಿಸಬೇಕು. ಪಾಳಿ ಬದಲಾಗುವಲ್ಲಿ ಕಂಡ ದೋಷವನ್ನು ಲಾಗ್ ಪುಸ್ತಕದಲ್ಲಿ ಬರೆದಿಡತಕ್ಕದ್ದು. ಬಾಯಿಮಾತಿನ ವರದಿ ಮರುದಿನಕ್ಕೆ ಉಳಿಯದು.

ನಗರದಲ್ಲಿ ನಿವೇಶನ ಅಗೆಸಲು ಯಂತ್ರ ಕರೆಸುವವರು ಇಷ್ಟೆಲ್ಲ ತಿಳಿದಿರಬೇಕಿಲ್ಲ. ಯಂತ್ರ ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಇದೆಯೇ, ಹಾರ್ನ್ ಹಾಗೂ ಚಲನೆಯ ಎಚ್ಚರಿಕೆ ಗಂಟೆ ಸದ್ದು ಮಾಡುತ್ತವೆಯೇ, ಕನ್ನಡಿಗಳು ಇವೆಯೇ ಎಂದು ನೋಡಿದರೆ ನಿರ್ವಹಣೆಯ ಮಟ್ಟ ಅರ್ಥವಾಗುತ್ತದೆ. ಅಗೆತ ನೋಡಲು ಜನ ಸೇರುವುದು 2019ರಲ್ಲಿ ದೇಶದ ಜಾಲತಾಣಗಳಲ್ಲೆಲ್ಲ ನಗೆಯ ವಸ್ತುವಾಗಿತ್ತು. ಆದರೆ ಯಂತ್ರ ತಿರುಗಿದಾಗ ಅದರ ಹಿಂಬದಿಯ ಭಾರ ಗೋಡೆಯ ಸಮೀಪಕ್ಕೆ ಬರುತ್ತದೆ, ಆಪರೇಟರ್‌ಗೆ ಆ ಸಂದು ಸರಿಯಾಗಿ ಕಾಣುವುದಿಲ್ಲ. ಅಲ್ಲಿಗೆ ಮಕ್ಕಳು ನುಸುಳದಂತೆ ಒಂದು ಹಗ್ಗ ಕಟ್ಟಿಸುವುದನ್ನು ಮನೆಯ ಯಜಮಾನರೇ ಮಾಡಬಹುದು.