ವಿಜ್ಞಾನಕಥೆಯ ಅಭಿಮಾನಿಗಳೂ ರಾಜಕೀಯವೂ : ಒಂದು ವಿವಾದದ ಇತಿಹಾಸ (೧೯೩೭–೨೦೧೫)

ವಿಜ್ಞಾನಕಥೆಗಳನ್ನು ಓದುವ, ಅವುಗಳ ಚಲನಚಿತ್ರ ಹಾಗೂ ಟೆಲಿವಿಷನ್ ರೂಪಗಳನ್ನು ನೋಡುವ ಅಮೆರಿಕೆಯ ಅಭಿಮಾನಿವರ್ಗದಲ್ಲಿ ಈಚಿನ ವರ್ಷಗಳಲ್ಲಿ ಒಂದು ದೂರು ಪದೇ ಪದೇ ಕೇಳಿಬಂದಿದೆ. ಹಿಂದಿನ ಕಥೆಗಳು ಸಾಹಸಕ್ಕೂ ಕುತೂಹಲಕ್ಕೂ ಮೀಸಲಾಗಿದ್ದವು. ಜನಾಂಗ, ಯುದ್ಧ, ಸ್ತ್ರೀಪುರುಷ ಸಮಾನತೆ ಮೊದಲಾದ ಪ್ರಶ್ನೆಗಳು ಇತ್ತೀಚೆಗೆ ಹೊರಗಿನಿಂದ ಬಂದು ಸೇರಿಕೊಂಡು ಕಥೆಯ ಸ್ವಾರಸ್ಯವನ್ನು ಕೆಡಿಸಿವೆ ಎಂಬುದು ಆ ದೂರಿನ ಸಾರ. ಇದು ಕೇವಲ ಅಭಿರುಚಿಯ ಮಾತಾಗಿದ್ದಲ್ಲಿ ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಕೆಲಸವಿರುತ್ತಿರಲಿಲ್ಲ. ಆದರೆ ಇದು ಗತಕಾಲವನ್ನು ಕುರಿತ ಒಂದು ಹೇಳಿಕೆ. ಆದುದರಿಂದ ಆಧಾರಗಳನ್ನು ಮುಂದಿಟ್ಟುಕೊಂಡು ಪರೀಕ್ಷಿಸಲು ಯೋಗ್ಯವಾದದ್ದು. ಈ ವಿವಾದವು ಅಭಿಮಾನಿಗಳ ಸಂಘಜೀವನದಷ್ಟೇ ಹಳೆಯದೆಂಬುದನ್ನೂ, ಕಾಲಕಾಲಕ್ಕೆ ಬದಲಾದದ್ದು ಮುಖ್ಯವಾಗಿ ವಾದವನ್ನು ಹೂಡುವ ಕ್ರಮವೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಅಭಿಮಾನಿವರ್ಗದ ಉದಯ

ವಿಜ್ಞಾನಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಮಾಸಪತ್ರಿಕೆಯಾದ 'ಅಮೇಜಿಂಗ್ ಸ್ಟೋರೀಸ್' ಅನ್ನು ಹ್ಯೂಗೋ ಗರ್ನ್ಸ್‌ಬ್ಯಾಕ್ ನ್ಯೂಯಾರ್ಕಿನಲ್ಲಿ ೧೯೨೬ರ ಏಪ್ರಿಲಿನಲ್ಲಿ ಆರಂಭಿಸಿದನು. ಆ ಪತ್ರಿಕೆಯು ವಾಚಕರ ಪತ್ರಗಳನ್ನು ಬರೆದವರ ಪೂರ್ಣ ವಿಳಾಸದೊಡನೆ ಅಚ್ಚುಮಾಡುತ್ತಿತ್ತು. ಈ ಸಣ್ಣ ಏರ್ಪಾಟಿನ ಪರಿಣಾಮ ದೊಡ್ಡದಾಯಿತು. ದೂರದೂರದ ಊರುಗಳಲ್ಲಿ ಒಬ್ಬೊಬ್ಬರಾಗಿದ್ದ ವಾಚಕರು ಪರಸ್ಪರ ಪತ್ರವ್ಯವಹಾರ ಬೆಳೆಸಿದರು, ಸಂಘಗಳನ್ನು ಕಟ್ಟಿದರು, ಕೈಯಚ್ಚಿನ ಪತ್ರಿಕೆಗಳನ್ನು ಹೊರಡಿಸಿದರು. ೧೯೩೪ರಲ್ಲಿ ಗರ್ನ್ಸ್‌ಬ್ಯಾಕನೇ 'ಸೈನ್ಸ್ ಫಿಕ್ಷನ್ ಲೀಗ್' ಎಂಬ ಸಂಸ್ಥೆಯನ್ನು ಸ್ಥಾಪಿಸಿ ಈ ಸಂಘಗಳಿಗೆ ಒಂದು ಚೌಕಟ್ಟನ್ನು ಒದಗಿಸಿದನು.

ಈ ಆದ್ಯಪುರುಷನ ಧ್ಯೇಯವಾದರೂ ಬರಿಯ ಮನೋರಂಜನೆಯಾಗಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. ಕಥೆಯ ಮೂಲಕ ಜನರಿಗೆ ವಿಜ್ಞಾನವನ್ನು ಕಲಿಸಬೇಕು, ಆ ಮೂಲಕ ಸಮಾಜವನ್ನು ಮುಂದಕ್ಕೆ ಒಯ್ಯಬೇಕು ಎಂಬುದು ಅವನ ನಂಬಿಕೆ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ದೇಶದ ಆಡಳಿತವನ್ನು ಎಂಜಿನಿಯರುಗಳ ಕೈಗೆ ಒಪ್ಪಿಸಬೇಕೆಂಬ 'ಟೆಕ್ನಾಕ್ರಸಿ' ಚಳವಳಿಯು ಅಮೆರಿಕೆಯಲ್ಲಿ ಹಬ್ಬಿದಾಗ, ೧೯೩೩ರಲ್ಲಿ ಅವನು ಆ ವಿಷಯಕ್ಕೇ ಮೀಸಲಾದ ಒಂದು ಪತ್ರಿಕೆಯನ್ನು ಹೊರಡಿಸಿದನು. ಅದು ಎರಡೇ ಸಂಚಿಕೆಗಳಿಗೆ ನಿಂತುಹೋಯಿತು. ಆದರೂ, ಸಮಾಜವು ಹೇಗಿರಬೇಕೆಂಬ ಪ್ರಶ್ನೆ ಈ ಸಾಹಿತ್ಯದ ತೊಟ್ಟಿಲಿನಲ್ಲಿಯೇ ಇತ್ತೆಂಬುದಕ್ಕೆ ಅದು ಸಾಕ್ಷಿಯಾಗಿ ನಿಲ್ಲುತ್ತದೆ.

೨. ಬಾಗಿಲಿನಲ್ಲಿ ನಡೆದ ವಾದ

೧೯೩೭ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯದಲ್ಲಿ ಅಭಿಮಾನಿಗಳ ಒಂದು ಚಿಕ್ಕ ಸಮ್ಮೇಳನ ಸೇರಿತು. ಅಲ್ಲಿ ಜಾನ್ ಮಿಚೆಲ್ ಎಂಬ ತರುಣನು ಬರೆದ ಭಾಷಣವನ್ನು ಅವನ ಸ್ನೇಹಿತ ಡಾನಲ್ಡ್ ವೊಲ್‌ಹೈಮ್ ಓದಿದನು. ಮಿಚೆಲನಿಗೆ ಉಗ್ಗು ಇದ್ದುದರಿಂದ ಈ ಏರ್ಪಾಡು. 'ರೂಪಾಂತರ, ಇಲ್ಲವೇ ಮರಣ' ಎಂಬರ್ಥದ ಶಿರೋನಾಮೆಯ ಆ ಭಾಷಣದ ತಾತ್ಪರ್ಯವಿಷ್ಟು: ಯೂರೋಪಿನಲ್ಲಿ ಫ್ಯಾಸಿಸಂ ತಲೆಯೆತ್ತಿ ಯುದ್ಧ ಹತ್ತಿರವಾಗುತ್ತಿರುವಾಗ ಭವಿಷ್ಯವನ್ನೇ ತಮ್ಮ ವಿಷಯವಾಗಿ ಮಾಡಿಕೊಂಡ ವಾಚಕರು ಕೈಕಟ್ಟಿ ಕೂಡುವುದು ತರವಲ್ಲ, ಏಕೀಕೃತವೂ ನ್ಯಾಯಯುತವೂ ಆದ ಜಗತ್ತಿಗಾಗಿ ಅವರು ದುಡಿಯಬೇಕು. ಈ ಅಭಿಪ್ರಾಯವನ್ನು ಸಭೆಯ ನಿಲುವೆಂದು ಸ್ವೀಕರಿಸಬೇಕೆಂಬ ಗೊತ್ತುವಳಿಗೆ ೮ ಮತಗಳು ಪರವಾಗಿಯೂ ೧೨ ಮತಗಳು ವಿರೋಧವಾಗಿಯೂ ಬಂದವು. ಗೊತ್ತುವಳಿ ಬಿದ್ದಿತು. ಇಪ್ಪತ್ತು ಜನರ ಸಭೆಯ ಈ ಮತಗಣನೆಯೇ ನಮ್ಮ ವಿವಾದದ ಮೊದಲ ಸ್ಪಷ್ಟ ದಾಖಲೆಗಳಲ್ಲೊಂದು.

ಸೋತವರು ಸುಮ್ಮನಾಗಲಿಲ್ಲ. ೧೯೩೮ರಲ್ಲಿ ವೊಲ್‌ಹೈಮ್, ಮಿಚೆಲ್, ಫ್ರೆಡರಿಕ್ ಪೋಲ್, ರಾಬರ್ಟ್ ಲೌಂಡ್ಸ್ ಮೊದಲಾದವರು ನ್ಯೂಯಾರ್ಕಿನಲ್ಲಿ 'ಫ್ಯೂಚರಿಯನ್ಸ್' ಎಂಬ ಕೂಟವನ್ನು ಕಟ್ಟಿದರು. ಇವರಲ್ಲಿ ಮಿಚೆಲ್, ಪೋಲ್ ಇಬ್ಬರೂ ಕಮ್ಯೂನಿಸ್ಟ್ ತರುಣ ಸಂಘದ ಸದಸ್ಯರಾಗಿದ್ದರು. ೧೯೩೯ರ ಜುಲೈ ೨ರಂದು ಅದೇ ನಗರದಲ್ಲಿ ಮೊದಲನೆಯ ವಿಶ್ವ ವಿಜ್ಞಾನಕಥಾ ಸಮ್ಮೇಳನ ಸೇರಿದಾಗ ಅದರ ವ್ಯವಸ್ಥೆ ಎದುರು ಪಕ್ಷದವರಾದ ಸ್ಯಾಮ್ ಮಾಸ್ಕೋವಿಟ್ಜ್, ವಿಲ್ ಸೈಕೋರಾ, ಜೇಮ್ಸ್ ಟೌರಾಸಿ ಇವರ ಕೈಯಲ್ಲಿತ್ತು. ವ್ಯವಸ್ಥಾಪಕರನ್ನು ನಿರಂಕುಶರೆಂದು ದೂಷಿಸುವ ಹಳದಿಯ ಕರಪತ್ರಗಳ ಕಟ್ಟೊಂದು ಸಿಕ್ಕಿತು. ವೊಲ್‌ಹೈಮ್, ಮಿಚೆಲ್, ಪೋಲ್, ಲೌಂಡ್ಸ್, ಸಿರಿಲ್ ಕಾರ್ನ್‌ಬ್ಲುತ್, ಜ್ಯಾಕ್ ಗಿಲೆಸ್ಪಿ ಎಂಬ ಆರು ಮಂದಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಅದೇ ಕೂಟದ ಐಸಾಕ್ ಅಸಿಮೋವ್ ಒಳಗೆ ಹೋದನು. ಕರಪತ್ರವನ್ನು ಬರೆದ ಡೇವಿಡ್ ಕೈಲ್ ಕೂಡ ಒಳಗಿದ್ದನೆಂಬುದು ಈ ಘಟನೆಯ ವಿನೋದ. ಅಭಿಮಾನಿಗಳ ಪರಿಭಾಷೆಯಲ್ಲಿ ಇದು 'ಬಹಿಷ್ಕಾರ ಶಾಸನ' ಎಂಬ ಹೆಸರನ್ನು ಪಡೆಯಿತು.

ಈ ಘಟನೆಗೆ ದೊರೆಯುವ ಆಧಾರಗಳನ್ನು ಎಚ್ಚರಿಕೆಯಿಂದ ಬಳಸಬೇಕಾಗುತ್ತದೆ. ೧೯೫೪ರಲ್ಲಿ ಪುಸ್ತಕರೂಪದಲ್ಲಿ ಬಂದ 'ದಿ ಇಮ್ಮಾರ್ಟಲ್ ಸ್ಟಾರ್ಮ್' ಎಂಬ ವಿಸ್ತಾರವಾದ ಇತಿಹಾಸವನ್ನು ಬರೆದವನು ಬಾಗಿಲನ್ನು ತಡೆದ ಮಾಸ್ಕೋವಿಟ್ಜನೇ. ಸಭೆಗೆ ಭಂಗತರುವುದಿಲ್ಲವೆಂದು ಮಾತು ಕೊಟ್ಟವರನ್ನು ತಾವು ತಡೆಯಲಿಲ್ಲವೆಂಬುದು ಅವನ ನಿರೂಪಣೆ. ಹೊರಗುಳಿದ ಪೋಲನು ತನ್ನ ಆತ್ಮಕಥನವನ್ನು ೧೯೭೮ರಲ್ಲಿ ಪ್ರಕಟಿಸಿದನು. ಮುಂದೆ ಫ್ಯೂಚರಿಯನ್ಸ್ ಕೂಟವನ್ನು ಸೇರಿದ ಡೇಮನ್ ನೈಟ್ ಅದರ ಇತಿಹಾಸವನ್ನು ೧೯೭೭ರಲ್ಲಿ ಬರೆದನು. ಅಂದರೆ ವಾದಿ ಪ್ರತಿವಾದಿಗಳೇ ಇಲ್ಲಿ ಚರಿತ್ರಕಾರರು. ಜಗಳದಲ್ಲಿ ವೈಯಕ್ತಿಕ ದ್ವೇಷವೆಷ್ಟು, ತತ್ತ್ವಭೇದವೆಷ್ಟು ಎಂಬುದನ್ನು ಅಳೆದು ಹೇಳುವುದು ಸುಲಭವಲ್ಲ. ಆದರೆ ತತ್ತ್ವಭೇದ ಇದ್ದೇ ಇತ್ತೆಂಬುದರಲ್ಲಿ ಎರಡು ಪಕ್ಷಗಳೂ ಒಮ್ಮತವುಳ್ಳವು. ಪ್ರತಿಕಕ್ಷಿಗಳ ಈ ಒಮ್ಮತವೇ ನಮಗೆ ದೃಢವಾದ ಪ್ರಮಾಣ.

೩. ಪುಟದ ಮೇಲೆ ನಡೆದ ವಾದ

ಮೂವತ್ತು ವರ್ಷಗಳ ನಂತರ ಅದೇ ಪ್ರಶ್ನೆ ವಿಯೆಟ್ನಾಂ ಯುದ್ಧದ ರೂಪದಲ್ಲಿ ಮರಳಿ ಬಂದಿತು. ಜೂಡಿತ್ ಮೆರಿಲ್, ಕೇಟ್ ವಿಲ್ಹೆಲ್ಮ್ ಎಂಬ ಇಬ್ಬರು ಲೇಖಕಿಯರು ಯುದ್ಧವಿರೋಧಿಗಳ ಸಹಿಗಳನ್ನು ಸಂಗ್ರಹಿಸಲು ಹೊರಟರು; ಯುದ್ಧವನ್ನು ಬೆಂಬಲಿಸುವವರದೂ ಒಂದು ಪಟ್ಟಿ ಸಿದ್ಧವಾಯಿತು. ೧೯೬೮ರ ಜೂನ್ ತಿಂಗಳ 'ಗ್ಯಾಲಕ್ಸಿ' ಸಂಚಿಕೆಯಲ್ಲಿ ಈ ಎರಡು ಹೇಳಿಕೆಗಳೂ ಜಾಹೀರಾತುಗಳಾಗಿ ಎದುರುಬದುರಾಗಿ ಪ್ರಕಟವಾದವು. ಬೆಂಬಲಿಗರು ೭೨ ಮಂದಿ. ವಿರೋಧಿಗಳು ೮೨ ಮಂದಿ. ಮೊದಲ ಪಟ್ಟಿಯಲ್ಲಿ ರಾಬರ್ಟ್ ಹೈನ್‌ಲೈನ್, ಸಂಪಾದಕ ಜಾನ್ ಕ್ಯಾಂಪ್‌ಬೆಲ್, ಪೌಲ್ ಆಂಡರ್ಸನ್ ಇದ್ದರು. ಎರಡನೆಯದರಲ್ಲಿ ಅಸಿಮೋವ್, ರೇ ಬ್ರಾಡ್‌ಬರಿ, ಅರ್ಸುಲಾ ಲೆ ಗ್ವಿನ್ ಇದ್ದರು. ಒಂದೇ ಪತ್ರಿಕೆಗಳಿಗೆ ಬರೆಯುತ್ತ, ಒಂದೇ ಸಮ್ಮೇಳನಗಳಲ್ಲಿ ಕಲೆಯುತ್ತಿದ್ದವರು ಹೀಗೆ ಸರಿಸುಮಾರು ಅರ್ಧಕ್ಕರ್ಧವಾಗಿ ಒಡೆದು ನಿಂತರು.

ಆಗ 'ಗ್ಯಾಲಕ್ಸಿ'ಯ ಸಂಪಾದಕನಾಗಿದ್ದವನು ಫ್ರೆಡರಿಕ್ ಪೋಲ್. ತರುಣನಾಗಿದ್ದಾಗ ಬಾಗಿಲಿನಿಂದಾಚೆ ನಿಲ್ಲಿಸಲ್ಪಟ್ಟವನು ಈಗ ಎರಡು ಪಕ್ಷಗಳಿಗೂ ತನ್ನ ಪತ್ರಿಕೆಯಲ್ಲಿ ಎಡೆಯನ್ನು ಕೊಟ್ಟನು. ಇದರಿಂದ ಯಾರ ಅಭಿಪ್ರಾಯವೂ ಬದಲಾಗದೆ ಇದ್ದಿರಬಹುದು. ಆದರೆ ವಾದದ ಕ್ರಮ ಬದಲಾಯಿತು. ೧೯೩೯ರಲ್ಲಿ ಭಿನ್ನಮತದವರನ್ನು ಹೊರಗಿಟ್ಟು ಸಭೆಯ ಶಾಂತಿಯನ್ನು ಕಾಯಲಾಯಿತು. ೧೯೬೮ರಲ್ಲಿ ಭಿನ್ನಮತವೇ ಅಚ್ಚಿನ ಅಕ್ಷರಗಳಲ್ಲಿ, ಸಹಿಗಳೊಡನೆ, ಓದುಗನ ಮುಂದೆ ಬಂದಿತು.

೪. 'ಸ್ಟಾರ್ ಟ್ರೆಕ್' ಕಥಾಮಾಲೆ

ಇಷ್ಟರಲ್ಲಿ ಅಭಿಮಾನಿವರ್ಗದ ಗಾತ್ರವನ್ನೇ ಬದಲಾಯಿಸಿದ ಮತ್ತೊಂದು ಬೆಳವಣಿಗೆ ಆಗಿತ್ತು. ೧೯೬೬ರ ಸೆಪ್ಟೆಂಬರ್ ೮ರಂದು ಎನ್.ಬಿ.ಸಿ. ಟೆಲಿವಿಷನ್ ಸಂಸ್ಥೆಯು ಜೀನ್ ರಾಡನ್‌ಬೆರಿಯ 'ಸ್ಟಾರ್ ಟ್ರೆಕ್' ಧಾರಾವಾಹಿಯನ್ನು ಅಮೆರಿಕೆಯಲ್ಲಿ ಪ್ರಸಾರಮಾಡತೊಡಗಿತು. ಅದರ ನೌಕೆಯ ಅಧಿಕಾರಿಗಳಲ್ಲಿ ಒಬ್ಬ ಆಫ್ರಿಕನ್ ಮೂಲದ ಸ್ತ್ರೀ, ಒಬ್ಬ ಏಷ್ಯನ್ ಮೂಲದ ಚಾಲಕ, ಎರಡನೆಯ ವರ್ಷದಿಂದ ಒಬ್ಬ ರಷ್ಯನ್ ತರುಣ ಸೇರಿದ್ದರು. ಶೀತಲಸಮರದ ನಡುವೆ, ನಾಗರಿಕ ಹಕ್ಕುಗಳ ಹೋರಾಟ ನಡೆಯುತ್ತಿದ್ದ ದೇಶದಲ್ಲಿ ಈ ಪಾತ್ರವಿತರಣೆಯೇ ಒಂದು ಹೇಳಿಕೆಯಾಗಿತ್ತು. ಉಹುರಾಳ ಪಾತ್ರವನ್ನು ವಹಿಸಿದ್ದ ನಿಷೆಲ್ ನಿಕೋಲ್ಸ್ ಧಾರಾವಾಹಿಯನ್ನು ಬಿಡಲು ಯೋಚಿಸಿದಾಗ ಮಾರ್ಟಿನ್ ಲೂಥರ್ ಕಿಂಗ್ ಅವರು ಉಳಿಯುವಂತೆ ಒತ್ತಾಯಪಡಿಸಿದರೆಂದು ಆಕೆ ಮುಂದೆ ಅನೇಕ ಬಾರಿ ಹೇಳಿದ್ದುಂಟು.

ಕಥಾವಸ್ತುವಿನಲ್ಲಿಯೂ ತತ್ಕಾಲದ ಪ್ರಶ್ನೆಗಳು ಮರೆಯಾಗಿರಲಿಲ್ಲ. ೧೯೬೮ರ ಫೆಬ್ರವರಿಯ ಒಂದು ಕಂತಿನಲ್ಲಿ ಒಂದು ಪರಗ್ರಹದ ಎರಡು ಬಣಗಳಲ್ಲೊಂದಕ್ಕೆ ಶತ್ರುಗಳು ಬಂದೂಕುಗಳನ್ನು ಒದಗಿಸಿರುವಾಗ, ಸಮತೋಲವನ್ನು ಕಾಯಲು ಮತ್ತೊಂದು ಬಣಕ್ಕೂ ಬಂದೂಕು ಕೊಡಬೇಕೆ ಎಂಬುದು ನಾಯಕನ ಧರ್ಮಸಂಕಟ. ಇಪ್ಪತ್ತನೆಯ ಶತಮಾನದ ಏಷ್ಯದ ಯುದ್ಧಗಳ ಪ್ರಸ್ತಾಪವೂ ಸಂಭಾಷಣೆಯಲ್ಲಿ ಬರುತ್ತದೆ. ರಾಡನ್‌ಬೆರಿಯ ಹೆಸರು ಮೇಲ್ಕಂಡ ಯುದ್ಧವಿರೋಧಿ ಪಟ್ಟಿಯಲ್ಲಿಯೂ ಇದೆ. ೧೯೬೯ರ ಜನವರಿಯ ಇನ್ನೊಂದು ಕಂತಿನಲ್ಲಿ ಮುಖದ ಅರ್ಧ ಕಪ್ಪು ಅರ್ಧ ಬಿಳುಪಾಗಿರುವ ಇಬ್ಬರು, ಯಾವ ಪಕ್ಕ ಯಾವ ಬಣ್ಣವೆಂಬ ಒಂದೇ ಭೇದಕ್ಕಾಗಿ, ತಮ್ಮ ಲೋಕವೇ ನಾಶವಾದ ಮೇಲೂ ಹೋರಾಡುತ್ತಿರುತ್ತಾರೆ.

ಧಾರಾವಾಹಿಯು ನಿಲ್ಲುವ ಸೂಚನೆ ಕಂಡಾಗ ಬಿಜೋ ಟ್ರಿಂಬಲ್ ಮತ್ತು ಆಕೆಯ ಪತಿ ಜಾನ್ ಟ್ರಿಂಬಲ್ ಇವರ ನೇತೃತ್ವದಲ್ಲಿ ಅಭಿಮಾನಿಗಳು ಪತ್ರ ಚಳವಳಿಯನ್ನು ಹೂಡಿದರು. ಸಂಸ್ಥೆಗೆ ಬಂದ ಪತ್ರಗಳು ಒಂದು ಲಕ್ಷವನ್ನು ಮೀರಿದವು. ೧೯೬೮ರ ಮಾರ್ಚ್ ೧ರಂದು, ಧಾರಾವಾಹಿ ಮುಂದುವರಿಯುವುದೆಂದು ಸಂಸ್ಥೆಯೇ ಪ್ರಸಾರದಲ್ಲಿ ಘೋಷಿಸಬೇಕಾಯಿತು. ಆ ಘೋಷಣೆ ಬಂದದ್ದು ಅಮೆರಿಕೆಯ ಸಂವಿಧಾನದ ಪೀಠಿಕೆಯನ್ನೇ ಕಥೆಯ ತಿರುಳಾಗಿ ಮಾಡಿಕೊಂಡಿದ್ದ ಕಂತಿನ ಕೊನೆಯಲ್ಲಿ. ರಾಜಕೀಯದ ಸೋಂಕಿಲ್ಲದ ಹಳೆಯ 'ಸ್ಟಾರ್ ಟ್ರೆಕ್' ಒಂದಿತ್ತೆಂಬ ನೆನಪು ದಾಖಲೆಗಳ ಮುಂದೆ ನಿಲ್ಲಲಾರದು. ಧಾರಾವಾಹಿಯು ೭೯ ಕಂತುಗಳ ನಂತರ ೧೯೬೯ರಲ್ಲಿ ನಿಂತಿತಾದರೂ ಅಭಿಮಾನಿಗಳ ಒತ್ತಾಯ ನಿಲ್ಲಲಿಲ್ಲ. ೧೯೯೧ರ ಸುಮಾರಿಗೆ ಸಲಿಂಗಿಗಳಾದ ಅಭಿಮಾನಿಗಳ ಸಂಘವೊಂದು, ಸಮಾನತೆಯ ಭವಿಷ್ಯವನ್ನು ಚಿತ್ರಿಸುವ ಕಥಾಮಾಲೆಯಲ್ಲಿ ತಮ್ಮಂಥವರಿಗೇಕೆ ಸ್ಥಾನವಿಲ್ಲವೆಂದು ಪತ್ರಗಳ ಮೂಲಕ ಕೇಳಿತು. ೨೦೧೭ರಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್ : ಡಿಸ್ಕವರಿ'ಯಲ್ಲಿ ಅಂಥ ಒಂದು ದಂಪತಿಯ ಪಾತ್ರ ಬಂದಾಗ ಅಭಿಮಾನಿಗಳಲ್ಲಿ ಕೆಲವರು ಅದನ್ನು ಹೊಸ ಆಕ್ರಮಣವೆಂದು ಕರೆದರು, ಆ ಬೇಡಿಕೆಗೆ ಆಗಲೇ ಕಾಲು ಶತಮಾನದ ವಯಸ್ಸಾಗಿತ್ತು.

೫. ಮತಪತ್ರದಲ್ಲಿ ನಡೆದ ವಾದ

ಗರ್ನ್ಸ್‌ಬ್ಯಾಕನ ಹೆಸರಿನಲ್ಲಿ ೧೯೫೩ರಿಂದ ಕೊಡಲಾಗುತ್ತಿರುವ ಹ್ಯೂಗೋ ಪ್ರಶಸ್ತಿಯನ್ನು ನಿರ್ಣಯಿಸುವವರು ವಿಶ್ವ ಸಮ್ಮೇಳನದ ಚಂದಾ ತೆತ್ತ ಸದಸ್ಯರು. ೨೦೧೩ರಲ್ಲಿ ಲೇಖಕ ಲ್ಯಾರಿ ಕೊರೆಯಾ ಆರಂಭಿಸಿ, ೨೦೧೫ರಲ್ಲಿ ಬ್ರ್ಯಾಡ್ ಟಾರ್ಗರ್ಸನ್ ಮುಂದುವರಿಸಿದ 'ಸ್ಯಾಡ್ ಪಪ್ಪೀಸ್' ಚಳವಳಿಯವರು, ಪ್ರಶಸ್ತಿಯು ಕಥೆಯ ಗುಣವನ್ನು ಬಿಟ್ಟು ಲೇಖಕರ ಸಾಮಾಜಿಕ ನಿಲುವನ್ನು ನೋಡುತ್ತಿದೆಯೆಂದು ಆಪಾದಿಸಿ, ತಮ್ಮ ಬೆಂಬಲಿಗರಿಗೆ ನಾಮಕರಣದ ಪಟ್ಟಿಯೊಂದನ್ನು ಸೂಚಿಸಿದರು. ಹಿಂದೆ ರಾಕೆಟ್ಟಿನ ಮುಖಚಿತ್ರವಿದ್ದ ಪುಸ್ತಕದಲ್ಲಿ ರಾಕೆಟ್ಟಿನ ಕಥೆಯೇ ಇರುತ್ತಿತ್ತು, ಈಗ ಒಳಗೆ ಬೇರೊಂದಿರುತ್ತದೆ ಎಂಬ ಧಾಟಿ ಟಾರ್ಗರ್ಸನ್ನರದು. ಅದಕ್ಕಿಂತ ಉಗ್ರವಾದ ಇನ್ನೊಂದು ಗುಂಪೂ ಬೇರೆ ಪಟ್ಟಿಯೊಡನೆ ಸೇರಿಕೊಂಡಿತು. ನಿಯಮದ ಸಡಿಲಿನಿಂದಾಗಿ ಕೆಲವು ವಿಭಾಗಗಳ ಎಲ್ಲ ಸ್ಥಾನಗಳೂ ಈ ಪಟ್ಟಿಗಳ ಪಾಲಾದವು.

ಉಳಿದ ಸದಸ್ಯರ ಉತ್ತರವೂ ಮತದ ಮೂಲಕವೇ ಬಂದಿತು. ೨೦೧೫ರ ಆಗಸ್ಟಿನಲ್ಲಿ ಸ್ಪೋಕೇನ್ ನಗರದಲ್ಲಿ ಫಲಿತಾಂಶ ಪ್ರಕಟವಾದಾಗ ೫,೯೫೦ ಮತಪತ್ರಗಳು ಬಂದಿದ್ದವು. ಐದು ವಿಭಾಗಗಳಲ್ಲಿ ಯಾರಿಗೂ ಪ್ರಶಸ್ತಿ ಇಲ್ಲವೆಂಬ ತೀರ್ಪು ಹೊರಬಿದ್ದಿತು. ಆ ವರ್ಷದ ಕಾದಂಬರಿ ಪ್ರಶಸ್ತಿಯನ್ನು ಪಡೆದದ್ದು ಚೀಣದ ಲ್ಯೂ ತ್ಸಿಶಿನ್ನರ 'ದಿ ತ್ರೀ-ಬಾಡಿ ಪ್ರಾಬ್ಲಮ್' ಎಂಬ ಅನುವಾದ. ಭೌತವಿಜ್ಞಾನದ ಗಹನ ಸಮಸ್ಯೆಯನ್ನೊಳಗೊಂಡ ಈ ಕೃತಿಯ ಇಂಗ್ಲಿಷ್ ಆವೃತ್ತಿ ತೊಡಗುವುದು ಚೀಣದ ಸಾಂಸ್ಕೃತಿಕ ಕ್ರಾಂತಿಯ ಹಿಂಸೆಯ ಚಿತ್ರದೊಡನೆ. ವಿಜ್ಞಾನ ಬೇರೆ, ರಾಜಕೀಯ ಬೇರೆ ಎಂದು ವಿಭಾಗಿಸಲು ಹೊರಟವರಿಗೆ ಇದಕ್ಕಿಂತ ಕಠಿನವಾದ ಉದಾಹರಣೆ ಸಿಕ್ಕಲಾರದು.

ಉಪಸಂಹಾರ

ಮೇಲಣ ವೃತ್ತಾಂತದಿಂದ ಎರಡು ಅಂಶಗಳು ವಿದಿತವಾಗುತ್ತವೆ. ಮೊದಲನೆಯದು, ನಿರ್ಮಲವಾದ ಪೂರ್ವಕಾಲವೊಂದಿತ್ತೆಂಬ ಹೇಳಿಕೆಗೆ ಆಧಾರವಿಲ್ಲ. ಅಭಿಮಾನಿಗಳು ಸಭೆ ಸೇರಲು ಕಲಿತ ಒಂದೆರಡು ವರ್ಷಗಳಲ್ಲಿಯೇ ಈ ಪ್ರಶ್ನೆ ಮತಕ್ಕೆ ಬಂದಿತ್ತು. ಎರಡನೆಯದು, 'ರಾಜಕೀಯ' ಎಂಬ ಶಬ್ದವನ್ನು ಪ್ರತಿಯೊಂದು ಪಕ್ಷವೂ ಎದುರಾಳಿಯ ನಂಬಿಕೆಗೆ ಮಾತ್ರ ಅನ್ವಯಿಸುತ್ತ ಬಂದಿದೆ. ತನ್ನ ನಂಬಿಕೆಯನ್ನು ಕಥೆಯ ಸಹಜಧರ್ಮವೆಂದು ಭಾವಿಸಿದೆ. ಎಂಜಿನಿಯರುಗಳ ಆಡಳಿತವನ್ನು ಬಯಸಿದ ಗರ್ನ್ಸ್‌ಬ್ಯಾಕನಿಗೆ ತಾನು ವಿಜ್ಞಾನವನ್ನು ಕಲಿಸುತ್ತಿದ್ದೇನೆಂದೇ ಅನಿಸಿತ್ತು. ಲೇಖಕ ಸ್ಯಾಮ್ಯುಯಲ್ ಡಿಲೇನಿ ಅವರು ೧೯೯೮ರಲ್ಲಿ ಬರೆದಂತೆ, ಅವರ ಕಾದಂಬರಿಯೊಂದನ್ನು ಕ್ಯಾಂಪ್‌ಬೆಲ್ ೧೯೬೭ರಲ್ಲಿ ಹಿಂದಿರುಗಿಸಿದಾಗ ಕೊಟ್ಟ ಕಾರಣ, ಕಪ್ಪು ವರ್ಣದ ನಾಯಕನನ್ನು ತನ್ನ ಓದುಗರು ಒಪ್ಪಲಾರರೆಂಬುದು. ಅದನ್ನು ಆ ಸಂಪಾದಕನು ಓದುಗರ ಅಭಿರುಚಿಯೆಂದು ಕರೆದನು. ನಾಯಕನು ಬಿಳಿಯನಾಗಿರುವುದು ಸಹಜವೆಂದೂ ಕಪ್ಪಾಗಿರುವುದು ವಿವಾದವೆಂದೂ ನಿರ್ಣಯಿಸುವುದು ಒಂದು ರಾಜಕೀಯ ನಿಲುವೇ ಸರಿ.

ಆದಕಾರಣ ಈ ವಿವಾದದಲ್ಲಿ ಪಣವಾಗಿರುವುದು ಕಥೆಯ ಸ್ವಾರಸ್ಯವೊಂದೇ ಆಗಿರಲಿಲ್ಲ. ಭವಿಷ್ಯವನ್ನು ಚಿತ್ರಿಸುವಾಗ ಅದರೊಳಗೆ ಯಾರಿಗೆ ಸ್ಥಾನವೆಂಬುದೂ ಆಗಿತ್ತು. ಬಾಗಿಲು, ಪತ್ರಿಕೆಯ ಪುಟ, ಮತಪತ್ರ ಈ ಮೂರರಲ್ಲಿ ಅಭಿಮಾನಿಗಳು ಆ ಪ್ರಶ್ನೆಯನ್ನು ಹೂಡಿದ್ದಾರೆ. ಮೊದಲನೆಯದು ಭಿನ್ನಮತವನ್ನು ಅಡಗಿಸಲಾರದೆ ಹೋಯಿತು. ಹೊರಗಿಡಲ್ಪಟ್ಟ ಆರು ಮಂದಿಯಲ್ಲಿ ವೊಲ್‌ಹೈಮ್, ಪೋಲ್, ಲೌಂಡ್ಸ್ ಮುಂದೆ ಸಂಪಾದಕರಾಗಿ ಆ ಸಾಹಿತ್ಯದ ದಿಕ್ಕನ್ನೇ ತಿದ್ದಿದರು. ಜನಪ್ರಿಯ ಸಾಹಿತ್ಯದ ವಾಚಕರ ಪತ್ರಗಳು, ಕೈಯಚ್ಚಿನ ಪತ್ರಿಕೆಗಳು, ಸಮ್ಮೇಳನಗಳ ವರದಿಗಳು ಗ್ರಂಥಾಲಯಗಳಲ್ಲಿ ಬಹುಕಾಲ ರದ್ದಿಯೆಂದು ಎಣಿಸಲ್ಪಟ್ಟಿದ್ದವು. ಒಂದು ಕಾಲದ ಸಾಮಾನ್ಯ ಓದುಗರು ನ್ಯಾಯಾನ್ಯಾಯಗಳನ್ನು ಹೇಗೆ ಚರ್ಚಿಸಿದರೆಂಬುದನ್ನು ಅರಿಯಲು ಅವು ರಾಜಪತ್ರಗಳಷ್ಟೇ ಬೆಲೆಯುಳ್ಳ ಆಕರಗಳೆಂಬುದನ್ನು ನಮ್ಮ ಸಂಶೋಧಕ ವಿದ್ಯಾರ್ಥಿಗಳು ಮನಗಾಣುವುದು ಅವಶ್ಯಕ.