ವರ್ಗಮೂಲದ ಗಡಿಗಳು: ಗಣಕ ಬೀಜಗಣಿತದಲ್ಲಿ ಸುಲಭೀಕರಣದ ಪ್ರಶ್ನೆ

√(ಸ−1) × √(ಸ+1) ಎಂಬುದನ್ನು √(ಸ²−1) ಎಂದು ಬರೆಯಲು ಹೈಸ್ಕೂಲು ವಿದ್ಯಾರ್ಥಿಯೂ ಹಿಂಜರಿಯುವುದಿಲ್ಲ. ‘ಸ’ ಇದ್ದಲ್ಲಿ −2 ಹಾಕಿ ನೋಡಿದರೆ ಎಡವಟ್ಟು ಬಯಲಾಗುತ್ತದೆ: ಎಡಗಡೆ −√3, ಬಲಗಡೆ +√3. ಆದರೆ √(1−ಸ) × √(1+ಸ) = √(1−ಸ²) ಎಂಬುದು ಎಲ್ಲ ಸಮ್ಮಿಶ್ರ ಸಂಖ್ಯೆಗಳಿಗೂ ಸರಿ. ಹೆಚ್ಚುಕಡಿಮೆ ಒಂದೇ ರೀತಿ ಕಾಣುವ ಈ ಎರಡರಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ತಡೆಯಬೇಕು ಎಂದು ತಂತ್ರಾಂಶಕ್ಕೆ ತಿಳಿಯುವುದು ಹೇಗೆ?

ತೊಡಕಿನ ಬೇರು ಆಯ್ಕೆಯಲ್ಲಿದೆ. ಸೊನ್ನೆಯಲ್ಲದ ಪ್ರತಿ ಸಂಖ್ಯೆಗೂ ಎರಡು ವರ್ಗಮೂಲಗಳು, ಲೆಕ್ಕವಿಲ್ಲದಷ್ಟು ಲಾಗರಿದಮ್‌ಗಳು. ಅವುಗಳಲ್ಲಿ ಒಂದನ್ನೇ ಹಿಡಿದರೆ ಋಣ ಅಕ್ಷದುದ್ದಕ್ಕೂ ಒಂದು ಸೀಳು, ಅಂದರೆ ಬ್ರಾಂಚ್ ಕಟ್, ಬೀಳುತ್ತದೆ. ಅದನ್ನು ದಾಟಿದೊಡನೆ ಬೆಲೆ ಜಿಗಿಯುತ್ತದೆ. −1ರ ಲಾಗರಿದಮ್ಮನ್ನು ಎರಡು ಸಲ ಕೂಡಿದರೆ 2ಪೈ·ಐ (ಐ ಎಂದರೆ √−1) ಬರುತ್ತದೆ, ಗುಣಲಬ್ಧವಾದ 1ರ ಲಾಗರಿದಮ್ ಮಾತ್ರ ಸೊನ್ನೆ. ಕೋರ್ಲೆಸ್ ಮತ್ತು ಜೆಫ್ರಿ 1996ರಲ್ಲಿ ಮಂಡಿಸಿದ ‘ಅನ್‌ವೈಂಡಿಂಗ್ ನಂಬರ್’ ಈ ವ್ಯತ್ಯಾಸವನ್ನು ಒಂದು ಪೂರ್ಣಾಂಕವಾಗಿ ಸೂತ್ರದೊಳಗೇ ಇರಿಸುತ್ತದೆ. ಪ್ರಾಮಾಣಿಕವಾದ ದಾರಿ, ಆದರೆ ಆ ಪೂರ್ಣಾಂಕ ಸೊನ್ನೆಯೆಂದು ತೋರಿಸುವ ತನಕ ಸೂತ್ರ ಉದ್ದವಾಗುತ್ತದೆಯೇ ಹೊರತು ಸುಲಭವಾಗುವುದಿಲ್ಲ.

ಬ್ರ್ಯಾಡ್‌ಫರ್ಡ್ ಮತ್ತು ಡೇವನ್‌ಪೋರ್ಟ್ 2002ರಲ್ಲಿ ಸೂಚಿಸಿದ ವಿಧಾನ ಹೆಚ್ಚು ಫಲಕಾರಿ. ಸೀಳುಗಳ ಗುಂಟ ಸಮತಲವನ್ನು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಒಂದೇ ಬಿಂದುವನ್ನು ಪರೀಕ್ಷಿಸಿದರೆ ಸಾಕು. ಮೊದಲ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಎರಡೂ ಬದಿಗಳ ವರ್ಗ ಒಂದೇ ಆದ್ದರಿಂದ ಅವುಗಳ ಅನುಪಾತ +1 ಅಥವಾ −1. ತುಂಡಿನೊಳಗೆ ಜಿಗಿತವಿಲ್ಲದ ಕಾರಣ ಚಿಹ್ನೆ ಬದಲಾಗದು. ಬಲ ಅರ್ಧದಲ್ಲಿ ಸೂತ್ರ ನಿಲ್ಲುತ್ತದೆ, ಎಡ ಅರ್ಧದಲ್ಲಿ ಚಿಹ್ನೆ ತಿರುಗುತ್ತದೆ.

ಗಡಿಯ ಮೇಲಿನ ಕಥೆಯೇ ಬೇರೆ. ಸ = ಐ ಆದಾಗ ಎರಡೂ ಬದಿ ಐ√2; ಸ = −ಐ ಆದಾಗ ಎಡಬದಿ −ಐ√2, ಬಲಬದಿ ಐ√2. ಎಡ ಅರ್ಧದ ನಡುವೆಯೇ, −1ರಿಂದ 0ವರೆಗಿನ ಗೆರೆಯ ಮೇಲೆ, ಸೂತ್ರ ಮತ್ತೆ ನಿಜವಾಗುತ್ತದೆ! ಗೆರೆಗಳನ್ನೂ ಪ್ರತ್ಯೇಕ ತುಂಡುಗಳೆಂದು ಎಣಿಸದ ಪ್ರೋಗ್ರಾಂ ಇದನ್ನು ಹಿಡಿಯಲಾರದು.

ಸಿಮ್‌ಪೈ ತಂತ್ರಾಂಶ, ಚರದ ಬಗ್ಗೆ ಏನನ್ನೂ ಹೇಳದಿದ್ದಾಗ, √(ಸ²) ಎಂಬುದನ್ನು ಹಾಗೇ ಬಿಡುತ್ತದೆ. ಬಳಸುವವರಿಗೆ ಕಿರಿಕಿರಿಯಾದರೂ ಅದು ಸರಿಯಾದ ನಡೆ. ಮ್ಯಾಥಮ್ಯಾಟಿಕಾದ ‘ಪವರ್‌ಎಕ್ಸ್‌ಪ್ಯಾಂಡ್’, ಮೇಪಲ್‌ನ ‘ಸಿಂಬಾಲಿಕ್’ ಆಯ್ಕೆ ಅದನ್ನು ‘ಸ’ ಎಂದೇ ಕೊಡುತ್ತವೆ. ಅಂಥ ಉತ್ತರವನ್ನು ಪ್ರಬಂಧದಲ್ಲಿ ಬಳಸುವವರು ಅದು ಯಾವ ಪ್ರದೇಶದಲ್ಲಿ ನಿಲ್ಲುತ್ತದೆ ಎಂಬುದನ್ನೂ ಸೂತ್ರದ ಪಕ್ಕದಲ್ಲೇ ಬರೆಯಬೇಕು.